ಮರದ ಹಲಗೆಗೆ ಗೇರು ಸಿಪ್ಪೆಯ ಅಂಟು



ಸಾಲ್ಮಿಯಾ ಇರಲಿ, ಅಬ್ಬಾಸಿಯಾ ಇರಲಿ, ಮಂಗಾಫ್ ಇರಲಿ, ಕುವೈತ್‌ಗೆ ಹೊಸದಾಗಿ ಬಂದ ಸಂಸಾರ ಮೊದಲು ಕೊಳ್ಳುವುದು ಮಂಚ, ಬಟ್ಟೆಯ ಕಪಾಟು ಮತ್ತು ಮಕ್ಕಳ ಓದುವ ಮೇಜು. ಅಂಗಡಿಯವರು ಮರದ್ದು ಎನ್ನುತ್ತಾರೆ, ನಾವೂ ಮರದ್ದೇ ಎಂದುಕೊಂಡು ಮನೆಗೆ ತರುತ್ತೇವೆ. ಹೊಸ ಕಪಾಟಿನ ಬಾಗಿಲು ತೆರೆದಾಗ ಮೂಗಿಗೆ ಬಡಿದು ಕಣ್ಣು ಉರಿಸುವ ಒಂದು ವಾಸನೆ ನಮಗೆಲ್ಲ ಗೊತ್ತು. ಅದು ಮರದ ವಾಸನೆ ಅಲ್ಲ, ಮರವನ್ನು ಹಿಡಿದಿಟ್ಟಿರುವ ಅಂಟಿನ ವಾಸನೆ.

ಈ ಅಂಟಿನ ಬಗ್ಗೆ ನಾವು ತಿಳಿದುಕೊಳ್ಳಬೇಕಾದ್ದು ಬಹಳಷ್ಟಿದೆ. ಇದು ನಮ್ಮ ಮಕ್ಕಳು ಉಸಿರಾಡುವ ಗಾಳಿಯ ವಿಷಯ. ಜೊತೆಗೆ, ಇದಕ್ಕೆ ಇರುವ ಪರಿಹಾರಗಳಲ್ಲಿ ಒಂದು ನಮ್ಮ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಗೇರುಬೀಜದ ಸಿಪ್ಪೆಯಲ್ಲಿದೆ ಎಂದರೆ ಊರಿನವರಿಗೆ ಸಂತೋಷವಾಗಬಹುದು.

ಹಲಗೆಯ ಒಳಗೆ ಏನಿದೆ?

ನಾವು ಮರ ಎಂದುಕೊಳ್ಳುವ ಹಲಗೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಪ್ಲೈವುಡ್. ಮರದ ದಿಮ್ಮಿಯನ್ನು ಯಂತ್ರದಲ್ಲಿ ತಿರುಗಿಸುತ್ತಾ, ಚಾಪೆಯ ಸುರುಳಿ ಬಿಚ್ಚಿದ ಹಾಗೆ ತೆಳುವಾದ ಹಾಳೆಗಳನ್ನು ಸುಲಿದು ತೆಗೆಯುತ್ತಾರೆ. ಅವನ್ನು ಒಣಗಿಸಿ, ಅಂಟು ಬಳಿದು, ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಜೋಡಿಸಿ ಬಿಸಿ ಒತ್ತುಯಂತ್ರದಲ್ಲಿ ಒತ್ತುತ್ತಾರೆ. ನಮ್ಮ ರಾಜ್ಯದ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸುವ ಸಿಲ್ವರ್ ಓಕ್ ಮರವೂ ಪ್ಲೈವುಡ್‌ಗೆ ಹೋಗುತ್ತದೆ.

ಎರಡನೆಯದು ಪಾರ್ಟಿಕಲ್ ಬೋರ್ಡ್. ಮರದ ಚಕ್ಕೆ, ಹೊಟ್ಟುಗಳನ್ನು ಅಂಟಿನೊಂದಿಗೆ ಬೆರೆಸಿ ಒತ್ತಿ ಮಾಡಿದ್ದು. ಮೂರನೆಯದು ಎಂ.ಡಿ.ಎಫ್. ಮರವನ್ನು ಹತ್ತಿಯಂತೆ ಎಳೆ ಎಳೆಯಾಗಿಸಿ, ಅಂಟು ಸೇರಿಸಿ ಒತ್ತಿದ್ದು. ನಾವು ಪೆಟ್ಟಿಗೆಯಲ್ಲಿ ತಂದು ಮನೆಯಲ್ಲಿ ಜೋಡಿಸಿಕೊಳ್ಳುವ ಕಪಾಟು, ಮೇಜುಗಳು ಹೆಚ್ಚಾಗಿ ಈ ಎರಡು ಜಾತಿಗೆ ಸೇರಿದವು. ಇವುಗಳ ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಅಂಟೇ ಇರುತ್ತದೆ.

ಮರ ಕಡಿದು ದೊಡ್ಡ ಹಲಗೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಸಣ್ಣ ಮರ, ತುಂಡು, ಹೊಟ್ಟು ಎಲ್ಲವೂ ಉಪಯೋಗವಾಗುತ್ತದೆ, ಬೆಲೆಯೂ ಕೈಗೆಟಕುತ್ತದೆ. ಆದ್ದರಿಂದ ಹಲಗೆಯನ್ನು ದೂರುವುದು ಸರಿಯಲ್ಲ. ಕೇಳಬೇಕಾದ ಪ್ರಶ್ನೆ, ಅಂಟು ಯಾವುದು ಎಂಬುದು.

ವಾಸನೆ ಎಲ್ಲಿಂದ ಬರುತ್ತದೆ?

ಒಳಾಂಗಣ ಹಲಗೆಗಳಲ್ಲಿ ಅತಿ ಹೆಚ್ಚು ಬಳಸುವ ಅಂಟು ಯೂರಿಯಾ ಫಾರ್ಮಾಲ್ಡಿಹೈಡ್. ಹೆಸರೇ ಹೇಳುವಂತೆ ಯೂರಿಯಾ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆದದ್ದು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಇಟ್ಟಿದ್ದ ಫಾರ್ಮಾಲಿನ್ ಜಾಡಿಗಳು ನೆನಪಿರಬಹುದು. ಫಾರ್ಮಾಲ್ಡಿಹೈಡ್ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ಅದೇ ಫಾರ್ಮಾಲಿನ್.

ಇವೆರಡರ ಮೂಲವೂ ಹೆಚ್ಚಾಗಿ ನೈಸರ್ಗಿಕ ಅನಿಲ. ಅನಿಲದಿಂದ ಅಮೋನಿಯಾ, ಅಮೋನಿಯಾದಿಂದ ಯೂರಿಯಾ. ಅನಿಲದಿಂದಲೇ ಮೆಥನಾಲ್, ಮೆಥನಾಲ್‌ನಿಂದ ಫಾರ್ಮಾಲ್ಡಿಹೈಡ್. ಇಲ್ಲಿನ ಪೆಟ್ರೋಕೆಮಿಕಲ್ ಇಂಡಸ್ಟ್ರೀಸ್ ಕಂಪನಿ 1963ರಲ್ಲಿ ಹುಟ್ಟಿ ಶುಐಬಾದಲ್ಲಿ ದಶಕಗಳ ಕಾಲ ತಯಾರಿಸಿದ್ದು ಇದೇ ಅಮೋನಿಯಾ ಮತ್ತು ಯೂರಿಯಾ. ಊರಿನಲ್ಲಿ ಗದ್ದೆಗೆ ಹಾಕುವ ಯೂರಿಯಾವೇ ಹಲಗೆಯ ಅಂಟಿನಲ್ಲೂ ಇದೆ ಎಂದರೆ ಹಲವರಿಗೆ ಆಶ್ಚರ್ಯವಾದೀತು.

ಈ ಅಂಟು ಅಗ್ಗ, ಬೇಗ ಗಟ್ಟಿಯಾಗುತ್ತದೆ, ಬಣ್ಣವಿಲ್ಲ. ಆದರೆ ಒಂದು ದೌರ್ಬಲ್ಯವಿದೆ. ಇದರ ರಾಸಾಯನಿಕ ಬಂಧ ಪೂರ್ತಿ ಶಾಶ್ವತವಲ್ಲ. ಶಾಖ ಮತ್ತು ತೇವ ತಾಗಿದಾಗ ಬಂಧ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಫಾರ್ಮಾಲ್ಡಿಹೈಡ್ ಮತ್ತೆ ಅನಿಲವಾಗಿ ಹೊರಬರುತ್ತದೆ. ಹೊಸತರಲ್ಲಿ ಹೆಚ್ಚು, ದಿನ ಕಳೆದಂತೆ ಕಡಿಮೆ. ಅಲ್ಪ ಪ್ರಮಾಣದಲ್ಲಿ ಕಣ್ಣು, ಮೂಗು, ಗಂಟಲು ಕೆರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಇದು ಘನಮೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಅರ್ಧ ಗಂಟೆಯ ಸರಾಸರಿಯಲ್ಲೂ ಮೀರಬಾರದು ಎಂದು 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಕೊಟ್ಟಿದೆ. ಗಾಬರಿ ಬೀಳಬೇಕಿಲ್ಲ, ಆದರೆ ಅಲಕ್ಷ್ಯ ಮಾಡುವ ವಿಷಯವೂ ಅಲ್ಲ.

ಕುವೈತ್‌ನ ಬಿಸಿಲು, ಮುಚ್ಚಿದ ಮನೆ

ಹಲಗೆಗಳ ಮೇಲೆ 'ಇ1' ಎಂಬ ಗುರುತು ನೀವು ನೋಡಿರಬಹುದು. ಇದು ಯುರೋಪಿನ ಮಾನದಂಡ. ಪರೀಕ್ಷಾ ಕೋಣೆಯಲ್ಲಿ ಹಲಗೆಯನ್ನಿಟ್ಟು ಅಳೆದಾಗ ಗಾಳಿಯಲ್ಲಿ ಫಾರ್ಮಾಲ್ಡಿಹೈಡ್ ಘನಮೀಟರಿಗೆ 0.124 ಮಿಲಿಗ್ರಾಂ ಮೀರಬಾರದು ಎಂಬುದು ಅದರ ಅರ್ಥ. ಆ ಪರೀಕ್ಷಾ ಕೋಣೆಯ ಉಷ್ಣತೆ 23 ಡಿಗ್ರಿ ಸೆಲ್ಸಿಯಸ್, ಗಂಟೆಗೊಮ್ಮೆ ಒಳಗಿನ ಗಾಳಿ ಪೂರ್ತಿ ಬದಲಾಗುತ್ತಿರುತ್ತದೆ.

ಈಗ ನಮ್ಮ ಫ್ಲ್ಯಾಟುಗಳನ್ನು ನೆನೆಯಿರಿ. 2016ರ ಜುಲೈ 21ರಂದು ಇಲ್ಲಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣತೆ 53.9 ಡಿಗ್ರಿ. ಬೇಸಿಗೆಯಲ್ಲಿ ಕಿಟಕಿ ತೆರೆಯುವ ಮಾತೇ ಇಲ್ಲ. ಗೋಡೆಯ ಏ.ಸಿ. ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. ಶಾಲೆಗೆ ರಜೆ ಬಂದೊಡನೆ ಮನೆಮಂದಿ ಊರಿಗೆ ಹೊರಡುತ್ತಾರೆ, ಏ.ಸಿ. ಬಂದ್, ಕಿಟಕಿ ಬಂದ್. ಸ್ಥೂಲವಾಗಿ ಹೇಳುವುದಾದರೆ ಉಷ್ಣತೆ ಏಳೆಂಟು ಡಿಗ್ರಿ ಏರಿದರೆ ಹಲಗೆಯಿಂದ ಬರುವ ಫಾರ್ಮಾಲ್ಡಿಹೈಡ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಿಂಗಳುಗಟ್ಟಲೆ ಬೆಂದ, ಗಾಳಿಯಾಡದ ಮನೆಯೊಳಗೆ 'ಇ1' ಹಲಗೆಯೂ 'ಇ1' ಆಗಿ ಉಳಿಯುವುದಿಲ್ಲ. ತಂಪು ದೇಶದ ಮನೆಗಿಂತ ನಮ್ಮ ಮನೆಗೆ ಒಳ್ಳೆಯ ಅಂಟು ಹೆಚ್ಚು ಅಗತ್ಯ ಎಂಬುದು ಈ ಕಾರಣಕ್ಕೆ.

ಹಿಂದೆ ಅಂಟೆಲ್ಲ ಗಿಡ ಪ್ರಾಣಿಗಳದ್ದೇ

ಸಸ್ಯಗಳಿಂದ ಅಂಟು ಎಂದರೆ ಏನೋ ಹೊಸ ಆವಿಷ್ಕಾರ ಎನಿಸುತ್ತದೆ. ನಿಜ ನೋಡಿದರೆ ಪೆಟ್ರೋಲಿಯಂ ಅಂಟೇ ನಿನ್ನೆ ಮೊನ್ನೆಯದು. ನಮ್ಮ ಹಿರಿಯ ಬಡಗಿಗಳು ಬಳಸುತ್ತಿದ್ದುದು ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ತೆಗೆದ ಅಂಟು. ಹಾಲಿನ ಕೇಸೀನ್‌ನಿಂದ ಮಾಡಿದ ಅಂಟಿನಿಂದ ಮರದ ವಿಮಾನಗಳನ್ನೇ ಜೋಡಿಸಿದರು. ಎರಡನೇ ಮಹಾಯುದ್ಧದ ಪ್ರಸಿದ್ಧ ಮಸ್ಕಿಟೊ ವಿಮಾನವನ್ನು ಮೊದಲು ಅಂಟಿಸಿದ್ದು ಕೇಸೀನ್‌ನಿಂದಲೇ. ಅಮೆರಿಕದಲ್ಲಿ 1930ರ ದಶಕದಿಂದ ಕೆಲವು ದಶಕಗಳ ಕಾಲ ಪ್ಲೈವುಡ್‌ಗೆ ಸೋಯಾ ಹಿಟ್ಟಿನ ಅಂಟು ಧಾರಾಳವಾಗಿ ಬಳಕೆಯಲ್ಲಿತ್ತು.

ಇವೆಲ್ಲ ಸೋತದ್ದು ನೀರಿನ ಮುಂದೆ. ತೇವ ತಗುಲಿದರೆ ಮೆತ್ತಗಾಗುತ್ತಿದ್ದವು, ಬೂಷ್ಟು ಹಿಡಿಯುತ್ತಿದ್ದವು. ಮಸ್ಕಿಟೊ ವಿಮಾನಕ್ಕೂ ಮುಂದೆ ಯೂರಿಯಾ ಫಾರ್ಮಾಲ್ಡಿಹೈಡ್ ಬಂತು. ಯುದ್ಧದ ನಂತರ ಅಗ್ಗದ ಪೆಟ್ರೋಲಿಯಂ ಹರಿದುಬಂದಾಗ ಹಳೆಯ ಅಂಟುಗಳು ಮೂಲೆ ಸೇರಿದವು.

ಹಾಗಿದ್ದೂ ಭಾರತದಲ್ಲಿ ಈ ಯೋಚನೆ ಪೂರ್ತಿ ನಿಲ್ಲಲಿಲ್ಲ. ಹೊರಗಿನಿಂದ ರಾಸಾಯನಿಕ ತರಿಸಲು ವಿದೇಶಿ ವಿನಿಮಯದ ಅಭಾವವಿದ್ದ ಕಾಲದಲ್ಲಿ, 1950ರ ದಶಕದಲ್ಲಿ, ವಿಜ್ಞಾನಿ ಡಿ. ನಾರಾಯಣಮೂರ್ತಿ ಮತ್ತು ಸಂಗಡಿಗರು ಹುಣಸೆ ಬೀಜದ ಸಿಪ್ಪೆಯಿಂದ ಪ್ಲೈವುಡ್ ಅಂಟು ಮಾಡುವ ಬಗ್ಗೆ ಸಂಶೋಧನಾ ಪ್ರಬಂಧ ಪ್ರಕಟಿಸಿದ್ದರು. ಹುಣಸೆ ಬೀಜದ ಕಂದು ಸಿಪ್ಪೆಯಲ್ಲಿ ಟ್ಯಾನಿನ್ ಇದೆ. ಬಾಯಿಗೆ ಒಗರು ಕೊಡುವ ಅದೇ ವಸ್ತು ಫಾರ್ಮಾಲ್ಡಿಹೈಡ್ ಜೊತೆ ಸೇರಿ ಗಟ್ಟಿ ಅಂಟಾಗುತ್ತದೆ. ನಮ್ಮ ತುಮಕೂರು, ಕೋಲಾರದ ಕಡೆಯವರು ಹುಣಸೆ ಬೀಜವನ್ನು ಹುರಿದು ತಿಂದವರೇ, ಅದು ಹಲಗೆಯನ್ನೂ ಹಿಡಿದಿಟ್ಟೀತು ಎಂದು ಯಾರೂ ಎಣಿಸಿರಲಾರರು!

ಕುವೈತ್‌ನಲ್ಲಿ ನಡೆದ ಒಂದು ಸಭೆ

ಈ ಕಥೆಯಲ್ಲಿ ಕುವೈತ್‌ಗೂ ಒಂದು ಪಾತ್ರವಿದೆ. 1973ರ ಅಕ್ಟೋಬರ್ 17ರಂದು ಅರಬ್ ತೈಲ ರಾಷ್ಟ್ರಗಳ ಸಚಿವರು ಸಭೆ ಸೇರಿ ತೈಲ ಉತ್ಪಾದನೆ ಇಳಿಸುವ ತೀರ್ಮಾನ ಮಾಡಿದ್ದು ಇದೇ ಕುವೈತ್ ನಗರದಲ್ಲಿ. ಮರುವರ್ಷದ ಆರಂಭಕ್ಕೆ ಕಚ್ಚಾ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಅಂಟಿಗೆ ಬೇಕಾದ ಫಿನಾಲ್ ಕೂಡ ಪೆಟ್ರೋಲಿಯಂನಿಂದಲೇ ಬರುವ ವಸ್ತು, ಅದರ ಬೆಲೆಯೂ ಏರಿತು. ಜಗತ್ತಿನಾದ್ಯಂತ ಹಲಗೆ ಕಾರ್ಖಾನೆಯವರು ಮತ್ತೆ ತೊಗಟೆ, ಸಿಪ್ಪೆ, ಕಾಗದ ಕಾರ್ಖಾನೆಯ ತ್ಯಾಜ್ಯದತ್ತ ನೋಡತೊಡಗಿದರು. ದಕ್ಷಿಣ ಆಫ್ರಿಕಾದಲ್ಲಿ ವ್ಯಾಟಲ್ ಮರದ ತೊಗಟೆಯ ಟ್ಯಾನಿನ್ ಅಂಟು 1970ರ ದಶಕದಿಂದಲೇ ಕಾರ್ಖಾನೆಯ ಬಳಕೆಗೆ ಬಂತು.

ಆದರೆ 1986ರಲ್ಲಿ ತೈಲದ ಬೆಲೆ ಕುಸಿದಾಗ ಈ ಉತ್ಸಾಹ ತಣ್ಣಗಾಯಿತು. ಬ್ಯಾರೆಲ್ ಏರಿದಾಗ ಸಸ್ಯದ ಅಂಟು ನೆನಪಾಗುವುದು, ಇಳಿದಾಗ ಮರೆತುಹೋಗುವುದು, ಇದು ಹಲವು ಸಲ ನಡೆದಿದೆ. ಈಗ ಬೆಲೆಯ ಜೊತೆಗೆ ಆರೋಗ್ಯದ ಕಾನೂನುಗಳೂ ಬಂದಿವೆ ಎಂಬುದಷ್ಟೇ ಹೊಸತು.

ನಮ್ಮ ಕರಾವಳಿಯ ಗೇರು ಸಿಪ್ಪೆ

ಇನ್ನು ನಮ್ಮೂರಿನ ವಿಷಯಕ್ಕೆ ಬರೋಣ. ಬ್ರೆಜಿಲ್ ಮೂಲದ ಗೇರು ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಇಂದು ಮಂಗಳೂರು, ಕಾರ್ಕಳ, ಕುಂದಾಪುರ, ಪುತ್ತೂರಿನ ಸುತ್ತ ಗೇರುಬೀಜ ಕಾರ್ಖಾನೆಗಳು ಸಾವಿರಾರು ಮಹಿಳೆಯರಿಗೆ ಕೆಲಸ ಕೊಟ್ಟಿವೆ. ಗೇರು ಸಂಶೋಧನೆಗೆಂದೇ ಪುತ್ತೂರಿನಲ್ಲಿ 1986ರಿಂದ ರಾಷ್ಟ್ರೀಯ ಸಂಸ್ಥೆಯೊಂದಿದೆ.

ಗೇರುಬೀಜ ಸುಲಿದಾಗ ನಮಗೆ ಸಿಗುವ ತಿರುಳು ತೂಕದಲ್ಲಿ ಸುಮಾರು ಕಾಲು ಭಾಗ ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಸಿಪ್ಪೆ. ಜೇನುಗೂಡಿನಂತಿರುವ ಆ ಸಿಪ್ಪೆಯೊಳಗೆ ಕಪ್ಪು ಕಂದು ಎಣ್ಣೆ ತುಂಬಿರುತ್ತದೆ. ಚಿಕ್ಕಂದಿನಲ್ಲಿ ಗುಡ್ಡೆಯಲ್ಲಿ ಹೆಕ್ಕಿದ ಗೇರುಬೀಜವನ್ನು ಬೆಂಕಿಯಲ್ಲಿ ಸುಟ್ಟವರಿಗೆ ಈ ಎಣ್ಣೆಯ ಪರಿಚಯ ಚೆನ್ನಾಗಿಯೇ ಇದೆ. ಸಿಡಿದು ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಕಾರ್ಖಾನೆಗಳಲ್ಲಿ ಸುಲಿಯುವ ಹೆಂಗಸರು ಕೈಗೆ ಬೂದಿ, ಎಣ್ಣೆ ಹಚ್ಚಿಕೊಳ್ಳುವುದು ಇದೇ ಕಾರಣಕ್ಕೆ. ಆದರೆ ಇದೇ ಎಣ್ಣೆಯನ್ನು ಮರಕ್ಕೆ ಬಳಿದರೆ ಗೆದ್ದಲು ದೂರ, ನೀರು ದೂರ. ಕರಾವಳಿಯಲ್ಲಿ ದೋಣಿಗಳಿಗೆ ಇದನ್ನು ಹಚ್ಚುವ ಪದ್ಧತಿ ಹಳೆಯದು.

ಈ ಎಣ್ಣೆಯಲ್ಲಿ ಹೆಚ್ಚಾಗಿರುವುದು ಅನಕಾರ್ಡಿಕ್ ಆಮ್ಲ. ಅದನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳೆದುಕೊಂಡು ಕಾರ್ಡನಾಲ್ ಎಂಬ ವಸ್ತುವಾಗುತ್ತದೆ. ಕಾರ್ಡನಾಲ್ ಎಂದರೆ, ಸುಲಭವಾಗಿ ಹೇಳುವುದಾದರೆ, ಬಾಲವಿರುವ ಫಿನಾಲ್! ಪೆಟ್ರೋಲಿಯಂನಿಂದ ತೆಗೆಯುವ ಫಿನಾಲಿನ ಉಂಗುರವೇ ಇಲ್ಲೂ ಇದೆ, ಅದಕ್ಕೆ 15 ಇಂಗಾಲದ ಪರಮಾಣುಗಳ ಉದ್ದನೆಯ ಬಾಲ ಅಂಟಿಕೊಂಡಿದೆ. ಆದ್ದರಿಂದ ಫಿನಾಲ್ ಫಾರ್ಮಾಲ್ಡಿಹೈಡ್ ಅಂಟು ಮಾಡುವಾಗ ಫಿನಾಲಿನ ಒಂದು ಪಾಲನ್ನು ತೆಗೆದು ಅಲ್ಲಿ ಕಾರ್ಡನಾಲ್ ಹಾಕಬಹುದು.

ಬಾಲದಿಂದ ಲಾಭವೂ ಇದೆ, ತೊಡಕೂ ಇದೆ. ಅದು ಎಣ್ಣೆಯ ಜಾತಿಯದ್ದು, ಹಾಗಾಗಿ ನೀರನ್ನು ದೂರ ಇಡುತ್ತದೆ, ಅಂಟಿಗೆ ಸ್ವಲ್ಪ ಬಳುಕುವ ಗುಣ ಕೊಡುತ್ತದೆ. ಅದೇ ಬಾಲ ಅಡ್ಡ ಬರುವುದರಿಂದ ಅಂಟು ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕು. ಒತ್ತುಯಂತ್ರದಲ್ಲಿ ಹೆಚ್ಚು ಹೊತ್ತು ಎಂದರೆ ಕಾರ್ಖಾನೆಗೆ ಹೆಚ್ಚು ಖರ್ಚು. ಪೂರ್ತಿ ಫಿನಾಲ್ ತೆಗೆದುಹಾಕದೆ ಒಂದು ಪಾಲನ್ನಷ್ಟೇ ಬದಲಿಸುವುದು ಇದಕ್ಕಾಗಿಯೇ.

ಇದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಆರಂಭವಾದ ಪ್ಲೈವುಡ್ ಸಂಶೋಧನಾ ಸಂಸ್ಥೆಯನ್ನು ಉದ್ಯಮದವರು ಇಪಿರ್ಟಿ ಎಂದೇ ಬಲ್ಲರು. ಈಗ ಅದು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೊಂದಿಗೆ ವಿಲೀನವಾಗಿದೆ. ಗೇರು ಸಿಪ್ಪೆಯ ಕಾರ್ಡನಾಲ್, ಟ್ಯಾನಿನ್, ಲಿಗ್ನಿನ್ ಇವನ್ನೆಲ್ಲ ಫಿನಾಲ್ ಬದಲಿಗೆ ಎಷ್ಟು ಹಾಕಬಹುದು, ಹಲಗೆ ಕುದಿಯುವ ನೀರನ್ನು ತಡೆಯುತ್ತದೆಯೇ ಎಂದು ಅಲ್ಲಿ ವರ್ಷಗಟ್ಟಲೆ ಪ್ರಯೋಗ ನಡೆದಿದೆ. ಅಡಿಗೆಮನೆಯ ಪ್ಲೈವುಡ್ ಹಿಂದೆ ಇಂತಹ ದುಡಿಮೆ ಇದೆ ಎಂಬುದು ನಮ್ಮ ಮಕ್ಕಳಿಗೂ ತಿಳಿಯಲಿ.

ಹೊರಜಗತ್ತಿನಲ್ಲಿ ಏನಾಗುತ್ತಿದೆ?

ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕೈಚಾಂಗ್ ಲೀ ಸಮುದ್ರದ ಬಂಡೆಗೆ ಕಚ್ಚಿಕೊಂಡಿರುವ ಚಿಪ್ಪುಜೀವಿಯನ್ನು ಗಮನಿಸಿದರು. ನಮ್ಮ ಕರಾವಳಿಯವರು ನೀಲಿಕಲ್ಲು ಎಂದು ಸಾರು ಮಾಡುವ ಜಾತಿಯದ್ದೇ. ಅಲೆ ಎಷ್ಟು ಹೊಡೆದರೂ ಅದು ಬಂಡೆ ಬಿಡುವುದಿಲ್ಲ. ಅದರ ಅಂಟು ಒಂದು ಪ್ರೋಟೀನ್. ಅದೇ ಗುಣವನ್ನು ಸೋಯಾ ಪ್ರೋಟೀನಿಗೆ ಕೊಟ್ಟು, ನೀರು ತಡೆಯಬಲ್ಲ, ಫಾರ್ಮಾಲ್ಡಿಹೈಡ್ ಸೇರಿಸದ ಅಂಟು ಮಾಡಿದರು. ಕೊಲಂಬಿಯಾ ಫಾರೆಸ್ಟ್ ಪ್ರಾಡಕ್ಟ್ಸ್ ಎಂಬ ಕಂಪನಿ ಅದನ್ನು ಪ್ಲೈವುಡ್‌ಗೆ ಬಳಸಿತು. ಈ ಕೆಲಸಕ್ಕೆ 2007ರಲ್ಲಿ ಅಮೆರಿಕದ ಅಧ್ಯಕ್ಷರ ಹಸಿರು ರಸಾಯನಶಾಸ್ತ್ರ ಪ್ರಶಸ್ತಿಯೂ ಬಂತು.

ಇಲ್ಲಿ ಅವೆನ್ಯೂಸ್ ಮಾಲ್‌ಗೆ ಹೋದಾಗ ನಾವೆಲ್ಲ ಸುತ್ತಾಡುವ ಐಕಿಯಾ ಕಂಪನಿ, ಲಿಥುವೇನಿಯಾದ ತನ್ನ ಪಾರ್ಟಿಕಲ್ ಬೋರ್ಡ್ ಕಾರ್ಖಾನೆಯಲ್ಲಿ ಮೆಕ್ಕೆಜೋಳದ ಪಿಷ್ಟದಿಂದ ಮಾಡಿದ ಅಂಟು ಬಳಸತೊಡಗಿದೆ. ಊಟಕ್ಕೆ ಬಳಸದ ದರ್ಜೆಯ ಪಿಷ್ಟ ಅದು. 2030ರ ಹೊತ್ತಿಗೆ ಹಲಗೆಗಳಲ್ಲಿ ಪೆಟ್ರೋಲಿಯಂ ಮೂಲದ ಅಂಟನ್ನು ಶೇ. 40ರಷ್ಟು ಇಳಿಸುವ ಗುರಿ ಅದರದ್ದು. ಫಿನ್ಲೆಂಡಿನ ಯು.ಪಿ.ಎಂ. ಕಂಪನಿ ಕಾಗದ ತಯಾರಿಕೆಯಲ್ಲಿ ಮರದಿಂದ ಬೇರ್ಪಡುವ ಲಿಗ್ನಿನ್ ಎಂಬ ವಸ್ತುವನ್ನು ಫಿನಾಲಿನ ಜಾಗದಲ್ಲಿ ಹಾಕಿ ಪ್ಲೈವುಡ್ ಮಾಡುತ್ತಿದೆ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ ಮರದ ಪೀಠೋಪಕರಣಗಳಿಗೆ ಮಿತಿ ಘನಮೀಟರಿಗೆ 0.062 ಮಿಲಿಗ್ರಾಂ, ಅಂದರೆ 'ಇ1'ರ ಅರ್ಧ. ಇದು ಜಾರಿಗೆ ಬರುವ ದಿನ 2026ರ ಆಗಸ್ಟ್ 6.

'ಜೈವಿಕ' ಎಂದ ಮಾತ್ರಕ್ಕೆ ಸಾಲದು

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಸಸ್ಯದಿಂದ ಬಂದದ್ದೆಲ್ಲ ನಿರಪಾಯ ಎಂದೇನಿಲ್ಲ. ಗೇರು ಎಣ್ಣೆ ಚರ್ಮ ಸುಡುವುದನ್ನು ಆಗಲೇ ನೋಡಿದೆವು. ಕಾರ್ಡನಾಲ್ ಅಂಟು, ಟ್ಯಾನಿನ್ ಅಂಟು ತಯಾರಿಸುವಾಗ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಸೇರಿಸಲೇಬೇಕು. ಸೋಯಾ ಅಂಟಿಗೂ ಗಟ್ಟಿತನ ಕೊಡಲು ಒಂದು ಕೃತಕ ರಾಳ ಬೇಕು.

ಹಾಗಾದರೆ ಲಾಭವೇನು? ಫಿನಾಲ್ ಮತ್ತು ಕಾರ್ಡನಾಲ್ ಅಂಟುಗಳಲ್ಲಿ ಫಾರ್ಮಾಲ್ಡಿಹೈಡ್ ಒಮ್ಮೆ ಬೆಸೆದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಯೂರಿಯಾ ಅಂಟು ನೀರಿನಲ್ಲಿ, ಬಿಸಿಯಲ್ಲಿ ಸಡಿಲವಾದಂತೆ ಇದು ಸಡಿಲವಾಗುವುದಿಲ್ಲ. ಆದ್ದರಿಂದ ಮನೆಯೊಳಗೆ ಹೊರಬರುವ ಅನಿಲ ಬಹಳ ಕಡಿಮೆ. ಅಂಟು ಯಾವ ಮೂಲದ್ದು ಎಂಬುದು ಪರಿಸರದ ಪ್ರಶ್ನೆ, ಅದರಿಂದ ಏನು ಹೊರಬರುತ್ತದೆ ಎಂಬುದು ಆರೋಗ್ಯದ ಪ್ರಶ್ನೆ. ಎರಡನ್ನೂ ಬೇರೆ ಬೇರೆಯಾಗಿಯೇ ಕೇಳಬೇಕು. ಹಸಿರು ಎಲೆಯ ಚಿತ್ರ ಅಚ್ಚು ಹಾಕಿದ ಚೀಟಿ ಎರಡಕ್ಕೂ ಉತ್ತರವಲ್ಲ.

ನಾವೇನು ಮಾಡಬಹುದು?

ಕುವೈತ್‌ನಲ್ಲಿ ಕೊಳ್ಳುವಾಗ:

1. ಚೀಟಿ ಕೇಳಿ ನೋಡಿ. 'ಇ1' ಕನಿಷ್ಠ. ಕ್ಯಾಲಿಫೋರ್ನಿಯಾದ 'ಕಾರ್ಬ್ ಫೇಸ್ 2' ಅಥವಾ ಜಪಾನಿನ ನಾಲ್ಕು ನಕ್ಷತ್ರದ ಗುರುತು ಇದ್ದರೆ ಇನ್ನೂ ಒಳ್ಳೆಯದು.

2. ಸಾಧ್ಯವಾದರೆ ಹೊಸ ಕಪಾಟು, ಮಂಚಗಳನ್ನು ನವೆಂಬರಿನಿಂದ ಮಾರ್ಚ್ ಒಳಗೆ ಕೊಳ್ಳಿ. ಆಗ ಕಿಟಕಿ ತೆರೆದಿಟ್ಟು ಗಾಳಿಯಾಡಿಸಬಹುದು. ಜೂನ್‌ನಲ್ಲಿ ತಂದರೆ ಆ ಅನಿಲವೆಲ್ಲ ಮನೆಯೊಳಗೇ.

3. ಕಪಾಟಿನ ಹಿಂಬದಿ, ತೂತುಗಳು, ಕತ್ತರಿಸಿದ ಅಂಚುಗಳು ಬರಿದಾಗಿದ್ದರೆ ಅಲ್ಲಿಂದಲೇ ಹೆಚ್ಚು ಅನಿಲ ಬರುತ್ತದೆ. ಅಂಚುಪಟ್ಟಿ ಅಥವಾ ವಾರ್ನಿಷ್ ಹಾಕಿಸಿ.

4. ಊರಿಂದ ರಜೆ ಮುಗಿಸಿ ಬಂದ ದಿನ, ಎಷ್ಟೇ ಬಿಸಿಲಿದ್ದರೂ, ಮಕ್ಕಳನ್ನು ಮಲಗಿಸುವ ಮುನ್ನ ಒಂದೆರಡು ಗಂಟೆ ಕಿಟಕಿ ಬಾಗಿಲು ತೆರೆದಿಡಿ. ಕಪಾಟಿನ ಬಾಗಿಲುಗಳನ್ನೂ ತೆರೆಯಿರಿ.

5. ಅಲ್ ರೈನ ಶುಕ್ರವಾರದ ಸಂತೆಯಲ್ಲಿ ಹಳೆಯ ಪೀಠೋಪಕರಣ ಕೊಳ್ಳಲು ಸಂಕೋಚ ಬೇಡ. ಹಳತಾದ ಹಲಗೆಯಿಂದ ಹೆಚ್ಚಿನ ಅನಿಲ ಆಗಲೇ ಹೋಗಿರುತ್ತದೆ, ದುಡ್ಡೂ ಉಳಿಯುತ್ತದೆ. ಒದ್ದೆಯಾಗಿ ಉಬ್ಬಿದ್ದನ್ನು ಮಾತ್ರ ತರಬೇಡಿ.

ಊರಿನಲ್ಲಿ ಮನೆ ಕಟ್ಟಿಸುವವರಿಗೆ:

ನಮ್ಮಲ್ಲಿ ಎಷ್ಟೋ ಮಂದಿ ಇಲ್ಲಿ ದುಡಿದು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಟೈಲ್ಸ್ ಯಾವುದು, ನಲ್ಲಿ ಯಾವುದು ಎಂದು ಫೋನಿನಲ್ಲೇ ಗಂಟೆಗಟ್ಟಲೆ ಚರ್ಚಿಸುವ ನಾವು ಪ್ಲೈವುಡ್ ಆಯ್ಕೆಯನ್ನು ಮಾತ್ರ ಮೇಸ್ತ್ರಿಗೆ ಬಿಟ್ಟುಬಿಡುತ್ತೇವೆ. ಅಡಿಗೆಮನೆ, ಮಲಗುವ ಕೋಣೆಗೆ ಎಂ.ಆರ್. ಬದಲು ಬಿ.ಡಬ್ಲ್ಯು.ಆರ್. ದರ್ಜೆ ಕೇಳಿ. ಐ.ಎಸ್. 710 ಗುರುತಿನ ಹಲಗೆಯನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸಿರುತ್ತಾರೆ. ಇಂತಹ ಹಲಗೆಗಳಲ್ಲಿ ಸಾಮಾನ್ಯವಾಗಿ ಫಿನಾಲ್ ಅಂಟು ಇರುತ್ತದೆ. ಅಂಚು ನೋಡಿದರೆ ಪದರಗಳ ನಡುವೆ ಕಡು ಕಂದು ಗೆರೆಗಳು ಕಾಣುತ್ತವೆ. ಗೆರೆಯೊಂದನ್ನೇ ನಂಬದೆ ಐ.ಎಸ್.ಐ. ಗುರುತನ್ನೂ ನೋಡಿ. ಬೆಲೆ ಹೆಚ್ಚೇ, ಆದರೆ ಕರಾವಳಿಯ ಮಳೆಗೂ ಬಾಳುತ್ತದೆ, ಮಕ್ಕಳ ಮೂಗಿಗೂ ಹಿತ.

ಅಂಗಡಿಯವರ ಬಳಿ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಇದರ ಅಂಟು ಯಾವುದು, ಗೇರು ಸಿಪ್ಪೆಯ ಎಣ್ಣೆ ಬಳಸಿದ್ದು ಇದೆಯೇ?" ಈಗ ಆ ಎಣ್ಣೆ ಬ್ರೇಕ್ ಲೈನಿಂಗ್‌ಗೆ, ಬಣ್ಣಕ್ಕೆ, ಹಡಗಿನ ಲೇಪನಕ್ಕೆ ಹೋಗುತ್ತಿದೆ. ಕೊಳ್ಳುವವರು ಕೇಳಿದರೆ ಮಾತ್ರ ಹಲಗೆಯ ಕಾರ್ಖಾನೆಯವರೂ ಅದರತ್ತ ನೋಡುತ್ತಾರೆ. ಗೇರು ಬೆಳೆಯುವ ರೈತರಿಗೆ, ಬೀಜ ಸುಲಿಯುವ ಹೆಣ್ಣುಮಕ್ಕಳ ಕಾರ್ಖಾನೆಗಳಿಗೆ ಸಿಪ್ಪೆಯಿಂದಲೂ ಎರಡು ಕಾಸು ಹೆಚ್ಚು ಸಿಕ್ಕೀತು.

ಒಂದು ಕಾಲದಲ್ಲಿ ಕುವೈತ್‌ನ ಹಾಯಿ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬಂದು ತೇಗದ ಮರ, ತೆಂಗಿನ ನಾರಿನ ಹಗ್ಗ ಕೊಂಡೊಯ್ಯುತ್ತಿದ್ದವು. ಇಲ್ಲಿನ ಹಡಗುಗಳ ಹಲಗೆಯೇ ನಮ್ಮ ನಾಡಿನ ಕಡೆಯದಾಗಿತ್ತು. ಮುಂದೊಂದು ದಿನ ಇಲ್ಲಿನ ಮನೆಗಳ ಹಲಗೆಯನ್ನು ಹಿಡಿದಿಡುವ ಅಂಟೂ ನಮ್ಮ ಗೇರು ತೋಟದಿಂದ ಬರಲಿ ಎಂದು ಆಶಿಸೋಣ.

ಈ ವಿಷಯದಲ್ಲಿ ನಿಮಗೆ ತಿಳಿದಿರುವುದನ್ನು, ವಿಶೇಷವಾಗಿ ಗೇರು ಅಥವಾ ಪ್ಲೈವುಡ್ ಉದ್ಯಮದಲ್ಲಿ ಇದ್ದವರು, ದಯವಿಟ್ಟು ಕೂಟದ ಮುಂದಿನ ಸಭೆಯಲ್ಲಿ ಹಂಚಿಕೊಳ್ಳಿ. ಎಲ್ಲರಿಗೂ ಉಪಯೋಗವಾಗುತ್ತದೆ.

ಸಿರಿಗನ್ನಡಂ ಗೆಲ್ಗೆ!